ಹನ್ನೊಂದು ಒಂದುಗಳು

ಶಿಕಾರಿಪುರದ ನಮ್ಮ ಮನೆಯಲ್ಲಿ ಅತ್ತೆಯ ಎದುರು ಗಂಡ ಹೆಂಡತಿ ಮಾತಾಡುವ ಹಾಗಿರಲಿಲ್ಲ. ಯಾರೋ ಮಾಡಿಟ್ಟ ಕಾನೂನಲ್ಲ ಅದು, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ನನ್ನ ಗಂಡನಿಗೆ ನೀರು ಬೇಕಾದರೆ "ಅವ್ವ, ಬಾಯಾರಿಕೆ ಆಗೈತೆ" ಎಂದು ತಾಯಿಗೆ ಹೇಳುತ್ತಿದ್ದರು, ನಾನು ಚೊಂಬು ತಂದಿಡುತ್ತಿದ್ದೆ. ನನಗೆ ಉಪ್ಪು ಬೇಕಾದರೆ "ಅತ್ತೆ, ಉಪ್ಪು ಮುಗೀತು" ಎನ್ನುತ್ತಿದ್ದೆ, ಅವರು ಚೀಲ ಹಿಡಿದು ಹೊರಡುತ್ತಿದ್ದರು. ಒಂದು ನಡುಮನೆ, ಒಂದು ಅಡುಗೆಮನೆ, ಒಂದು ಕೋಣೆ ಇದ್ದ ಆ ಮನೆಯಲ್ಲಿ ಅತ್ತೆಯ ಎದುರಲ್ಲದ ಜಾಗ ಎಲ್ಲಿಂದ ಬರಬೇಕು? ಕೋಣೆಯ ಬಾಗಿಲು ಹಾಕಿಕೊಂಡರೂ ಆಚೆ ಅತ್ತೆ ಕೆಮ್ಮಿದರೆ ಪಕ್ಕದಲ್ಲೇ ಕೆಮ್ಮಿದ ಹಾಗೆ ಕೇಳುತ್ತಿತ್ತು. ಹಾಗಾಗಿ ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಗಂಡನ ದನಿ ನನಗಿಂತ ಹೈಸ್ಕೂಲಿನ ಹುಡುಗರಿಗೇ ಹೆಚ್ಚು ಪರಿಚಯವಿತ್ತು. ಅವರು ಅಲ್ಲಿ ಗಣಿತದ ಮೇಷ್ಟ್ರು. ಹೆಂಡತಿಗೆ ಸಿಗದ ಮಾತನ್ನು ದಿನವಿಡೀ ಆಕಳಿಸುತ್ತ ಕೇಳುವ ಆ ಹುಡುಗರನ್ನು ನೆನೆದರೂ ನನಗೆ ಮೈ ಉರಿಯುತ್ತಿತ್ತು. ಹೊಟ್ಟೆಕಿಚ್ಚು ನನ್ನ ಹುಟ್ಟುಗುಣ. ಬೇರೆಯವರು ಅದಕ್ಕೆ ಚೆಂದದ ಹೆಸರು ಇಟ್ಟುಕೊಳ್ಳುತ್ತಾರೆ, ನಾನು ಇಟ್ಟುಕೊಂಡಿಲ್ಲ.

ಐವತ್ತರ ದಶಕದ ಕೊನೆ, ಹೊಸ ಪೈಸೆ ಇನ್ನೂ ಯಾರ ಕೈಗೂ ಒಗ್ಗದ ಕಾಲ. ನಾನು ಸೊರಬದಾಚೆಯ ಕುಪ್ಪಗಡ್ಡೆಯವಳು. ಏಳನೇ ಕ್ಲಾಸಿಗೆ ಓದು ಮುಗಿದಿತ್ತು. ಆದರೆ ಮಗ್ಗಿ ಹೇಳುವುದರಲ್ಲಿ ನಾನು ಯಾರಿಗೂ ಸೋತವಳಲ್ಲ. ಶಾಲೆಯಲ್ಲಿ ಹುಡುಗರು ಇಪ್ಪತ್ತರ ಮಗ್ಗಿಗೆ ಉಸ್ಸೆನ್ನುವಾಗ ನಾನು ಮೂವತ್ತರಾಚೆ ಹೋಗಿರುತ್ತಿದ್ದೆ. ಗಂಡನ ಮನೆಯಲ್ಲಿ ಆ ವಿದ್ಯೆ ಯಾರಿಗೂ ಬೇಕಿರಲಿಲ್ಲ.

ಒಂದು ಸಂಜೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಕೂತಿದ್ದೆ. ಅತ್ತೆ ಹೊಸ್ತಿಲ ಹತ್ತಿರ ಬತ್ತಿ ಹೊಸೆಯುತ್ತಿದ್ದರು. ನನ್ನ ಗಂಡ ಸ್ಲೇಟಿನ ಮೇಲೆ ಏನೋ ಬರೆದು, ಒರೆಸಿ, ಮತ್ತೆ ಬರೆದು, ಬೇಸತ್ತು ತಾಯಿಯ ಕಡೆ ತಿರುಗಿದರು. "ಅವ್ವ, ಆಕಿಗೆ ಭಾಗಾಕಾರ ಬರ್ತೈತೇನು ಕೇಳು."

"ಬರ್ತೈತೇನವ್ವ?" ಎಂದರು ಅತ್ತೆ.

"ಬರುತ್ತೆ ಅತ್ತೆ."

"ಬರ್ತೈತಂತಪ್ಪ."

"ಹಂಗಾದ್ರೆ ಹನ್ನೊಂದು ಸಲ ಒಂದು ಬರೆದ್ರೆ ಆಗೋ ಸಂಖ್ಯೆ, ಸಾವಿರದ ನೂರಾ ಹನ್ನೊಂದು ಕೋಟಿ, ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರಾ ಹನ್ನೊಂದು, ಅದನ್ನ ಏಳರಿಂದ ಭಾಗಿಸಿದ್ರೆ ಎಷ್ಟು ಉಳೀತೈತೆ ಕೇಳು."

ಅತ್ತೆ ಒಂದು ಸಲ ಬಾಯಿ ತೆರೆದರು, ಮುಚ್ಚಿದರು. "ಅದನ್ನೆಲ್ಲ ನಾ ಎಲ್ಲಿ ಹೊತ್ಕೊಂಡು ತಿರುಗ್ಲಿ? ನೀವ್ ನೀವೇ ಮಾತಾಡ್ಕೊಳ್ರಿ," ಎಂದುಬಿಟ್ಟರು.

ನಮ್ಮಿಬ್ಬರಿಗೆ ಮಾತಾಡಲು ಪರವಾನಗಿ ಸಿಕ್ಕಿದ್ದು ಹಾಗೆ. ಸಂಖ್ಯೆಯ ಮಾತಿಗೆ ಮಾತ್ರ. ಅವರು ನೇರ ನನ್ನ ಮುಖ ನೋಡಿ "ಎಷ್ಟು?" ಎಂದರು. ನಾನು ಅಕ್ಕಿಯಿಂದ ಕೈ ತೆಗೆಯದೆ ಮನಸ್ಸಿನಲ್ಲೇ ಮಾಡಿದೆ. ಹನ್ನೊಂದರಲ್ಲಿ ಏಳು ಹೋದರೆ ನಾಲ್ಕು. ಅದರ ಮುಂದೆ ಒಂದಿಟ್ಟರೆ ನಲವತ್ತೊಂದು, ಏಳೈದು ಮೂವತ್ತೈದು ಕಳೆದರೆ ಆರು. ಅದರ ಮುಂದೆ ಒಂದಿಟ್ಟರೆ ಅರವತ್ತೊಂದು, ಉಳಿಯುವುದು ಐದು. ಎಲ್ಲ ಅಂಕಿಯೂ ಒಂದೇ ಆದ್ದರಿಂದ ಆ ಉದ್ದದ ಸಂಖ್ಯೆಯನ್ನು ಬರೆದುಕೊಳ್ಳುವ ಕೆಲಸವೇ ಇಲ್ಲ, ಉಳಿದದ್ದರ ಮುಂದೆ ಒಂದೊಂದೇ ಇಡುತ್ತ ಹೋದರಾಯಿತು. "ಎರಡು," ಎಂದೆ. ಅವರು ಸ್ಲೇಟು ನೋಡಿಕೊಂಡರು, ನನ್ನನ್ನು ನೋಡಿದರು. ಮದುವೆಯ ದಿನ ಕೂಡ ಅವರು ನನ್ನನ್ನು ಹಾಗೆ ನೋಡಿರಲಿಲ್ಲ.

ಆ ಸಂಖ್ಯೆಯ ಕಥೆ ಇಷ್ಟು. ಬರೀ ಒಂದುಗಳಿಂದಾದ ಸಂಖ್ಯೆಗಳ ಮೇಲೆ ಅವರಿಗೆ ಕಾಲೇಜಿನ ದಿನಗಳಿಂದ ಹುಚ್ಚು. ಎರಡು ಒಂದು ಎಂದರೆ ಹನ್ನೊಂದು, ಅದನ್ನು ಯಾವುದೂ ಭಾಗಿಸುವುದಿಲ್ಲ. ಮೂರು ಒಂದು ಮೂವತ್ತೇಳಕ್ಕೆ ಒಡೆಯುತ್ತದೆ, ಐದು ಒಂದು ನಲವತ್ತೊಂದಕ್ಕೆ, ಏಳು ಒಂದು ಇನ್ನೂರ ಮೂವತ್ತೊಂಬತ್ತಕ್ಕೆ. ನಾಲ್ಕು, ಆರು, ಎಂಟು, ಒಂಬತ್ತು, ಹತ್ತು ಒಂದುಗಳಿಗೆ ಹೊರಗಿನವರು ಬೇಕಿಲ್ಲ. ಒಂಬತ್ತು ಒಂದನ್ನು ಮೂರು ಮೂರರಂತೆ ಕತ್ತರಿಸಿದರೆ ನೂರಾ ಹನ್ನೊಂದೇ ಅದನ್ನು ಭಾಗಿಸುತ್ತದೆ, ಉಳಿದವೂ ಹೀಗೆಯೇ. ಹನ್ನೊಂದು ಒಂದುಗಳನ್ನು ಹಾಗೆ ಸಮವಾಗಿ ಕತ್ತರಿಸಲು ಬರುವುದಿಲ್ಲ. ಅದು ಒಡೆಯುತ್ತದೋ ಇಲ್ಲವೋ ಅವರ ಬಳಿ ಇದ್ದ ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದೊಂದಾಗಿ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡುವುದೇ ದಾರಿ ಎಂದು ಅವರು ತಾಯಿಗೆ ವಿವರಿಸಿದರು. ತಾಯಿಗೆ ಎಂದರೆ ನನಗೆ.

ಅತ್ತೆಗೆ ಅರ್ಥವಾದದ್ದೇ ಬೇರೆ. ಬೆರಳು ಮಡಚಿ ಎಣಿಸಿ, ಹನ್ನೊಂದು ಎಂದರೆ ಏಕಾದಶ ರುದ್ರರಲ್ಲವೇ, ಮಗ ಸೊಸೆ ಸೇರಿ ಏನೋ ರುದ್ರನ ಅನುಷ್ಠಾನ ಹಿಡಿದಿದ್ದಾರೆ ಎಂದುಕೊಂಡರು. ಇದು ಶಾಲೆಯ ಲೆಕ್ಕ ಎಂದು ಮಗ ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ, ನಾನಂತೂ ಹೋಗಗೊಡಲಿಲ್ಲ. ಸಂಜೆ ತಮ್ಮ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, "ಶುರು ಮಾಡ್ರಿ" ಎಂದು ಅವರೇ ನಮ್ಮನ್ನು ಕೂರಿಸುತ್ತಿದ್ದರು. ನಡುವೆ ಪಕ್ಕದ ಮನೆಯವರು ಬಂದರೆ ಕೈಸನ್ನೆಯಲ್ಲೇ ಹೊರಗೆ ಕೂರಿಸುವರು. ಸೋಮವಾರ ಬಂದರೆ "ಇವತ್ತು ಎರಡು ಹೆಚ್ಚಿಗೆ ಹೇಳ್ರಿ" ಎಂಬ ಅಪ್ಪಣೆ. ಮಗ್ಗಿಯೊಂದು ಮಂತ್ರವಾದ ಮನೆ ಶಿಕಾರಿಪುರದಲ್ಲಿ ಇನ್ನೊಂದು ಇರಲಾರದು.

ನನ್ನ ಗಂಡ ಭಾಜಕ ಹೇಳುವುದು, ನಾನು ಶೇಷ ಹೇಳುವುದು. ಸಣ್ಣವನ್ನು ಬಾಯಲ್ಲೇ ಮಾಡುತ್ತಿದ್ದೆ, ಮೂರಂಕಿ ದಾಟಿದ ಮೇಲೆ ನನಗೂ ಒಂದು ಸ್ಲೇಟು ಬಂತು. ಮೊದಲು ಆ ಭಾಜಕದ ಒಂಬತ್ತರವರೆಗಿನ ಮಗ್ಗಿ ಗಟ್ಟಿಯಾಗಿ ಹೇಳಿ ಮೂಲೆಯಲ್ಲಿ ಬರೆದುಕೊಂಡುಬಿಟ್ಟರೆ ಆಮೇಲೆ ಬರೀ ಕಳೆಯುವ ಕೆಲಸ. "ಎಷ್ಟು?" "ಹನ್ನೊಂದು." "ಖಾತ್ರಿ?" "ಖಾತ್ರಿ." ಇಷ್ಟೇ ಮಾತು. ಆದರೆ ಆ "ಖಾತ್ರಿ"ಯಲ್ಲಿ ಅವರ ದನಿ ಸ್ವಲ್ಪ ಇಳಿಯುತ್ತಿತ್ತು. ಇನ್ನೂರ ಎಪ್ಪತ್ತೊಂದಕ್ಕೆ ಶೇಷ ಒಂದು ಬಂದಾಗ, ಕೂದಲೆಳೆಯಲ್ಲಿ ತಪ್ಪಿತಲ್ಲ ಎಂದು ಇಬ್ಬರೂ ಒಟ್ಟಿಗೆ ನಕ್ಕೆವು. ಅತ್ತೆಯ ಎದುರಿಗೇ ನಕ್ಕೆವು, ಅವರು ಏನೂ ಅನ್ನಲಿಲ್ಲ. ಈ ಸಂಖ್ಯೆ ಒಡೆದ ದಿನ ನನ್ನ ಸಂಜೆಗಳು ಮುಗಿದ ಹಾಗೆ, ಮತ್ತೆ ಉಪ್ಪು ನೀರಿನ ಮಾತಿಗೆ ಇಳಿಯಬೇಕು ಎಂಬುದು ನನಗೆ ಅವತ್ತೇ ಹೊಳೆಯಿತು. ಮಾರನೇ ದಿನ ದೇವರ ಮುಂದೆ ನಿಂತು, ಇದನ್ನು ಯಾವ ಸಂಖ್ಯೆಯೂ ಭಾಗಿಸದಿರಲಿ ಎಂದು ಬೇಡಿಕೊಂಡೆ. ಹೆಂಗಸರು ಮಕ್ಕಳಿಗಾಗಿ, ಮಾಂಗಲ್ಯಕ್ಕಾಗಿ ಬೇಡಿಕೊಳ್ಳುವ ಜಾಗದಲ್ಲಿ ನಿಂತು ನಾನು ಬೇಡಿದ್ದು ಅದನ್ನು.

ದಸರಾ ರಜೆಯಲ್ಲಿ ಸೊರಬದಿಂದ ಅವಳು ಬಂದಳು.

ಅವಳು ನನ್ನ ಗಂಡನ ಸೋದರತ್ತೆಯ ಮಗಳು. ಸೊರಬದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಇಂಟರ್ ಓದಿದವಳು, ಕೈಗೆ ವಾಚು ಕಟ್ಟುವವಳು. ಇವರಿಗೂ ಅವಳಿಗೂ ಮದುವೆಯ ಮಾತಾಗಿ, ಅಷ್ಟು ಓದಿದವಳು ಅಡುಗೆಮನೆಗೆ ಆಗಿ ಬರುವುದಿಲ್ಲ ಎಂದು ಅತ್ತೆಯೇ ಬೇಡವೆಂದಿದ್ದರಂತೆ. ಅಂದರೆ ನಾನು ಈ ಮನೆಗೆ ಬಂದದ್ದು ಕಡಿಮೆ ಓದಿದ ಅರ್ಹತೆಯಿಂದ. ಅವಳೂ ನನ್ನ ಅತ್ತೆಯನ್ನು ಅತ್ತೆ ಎಂದೇ ಕರೆಯುತ್ತಿದ್ದಳು, ಹುಟ್ಟಿನಿಂದ ಬಂದ ಹಕ್ಕು. ಇವರನ್ನು ಭಾವ ಎನ್ನುವಳು. ಆ ಲೆಕ್ಕದಲ್ಲಿ ನಾನು ಅಕ್ಕ. ನನಗಿಂತ ದೊಡ್ಡವಳು ಬಾಯಿ ತುಂಬ ಅಕ್ಕ ಎಂದಾಗಲೆಲ್ಲ ನನ್ನ ಕೂದಲು ನರೆತ ಹಾಗಾಗುತ್ತಿತ್ತು. ಎಲ್ಲಕ್ಕಿಂತ ಸಂಕಟವೆಂದರೆ ಅವಳು ಅತ್ತೆಯ ಎದುರೇ ಇವರೊಂದಿಗೆ ಧಾರಾಳವಾಗಿ ಮಾತಾಡುತ್ತಿದ್ದಳು. ಗುಡವಿ ಕೆರೆಗೆ ಬಂದ ಹಕ್ಕಿ, ಶಾಲೆಯ ಹೆಡ್‌ಮಾಸ್ತರರ ಮೀಸೆ, ಬಸ್ಸಿನಲ್ಲಿ ಸಿಕ್ಕ ಮುದುಕಿ, ಯಾವುದಕ್ಕೂ ತಡೆಯಿಲ್ಲ. ನಾನು ಸಂಖ್ಯೆಯ ಕಿಂಡಿಯಲ್ಲಿ ನೋಡುತ್ತಿದ್ದ ಮನುಷ್ಯನ ಜೊತೆ ಅವಳು ಜಗಲಿಯಲ್ಲಿ ಕೂತು ಕಡಲೆ ತಿನ್ನುತ್ತಿದ್ದಳು.

ಸಂಜೆ ಅತ್ತೆ "ಶುರು ಮಾಡ್ರಿ" ಎಂದರು. ಇವರು ಒಂದು ಭಾಜಕ ಹೇಳಿದರು, ನಾನು ಮಗ್ಗಿ ಹೇಳಿ ಸ್ಲೇಟಿಗೆ ಹಾಕತೊಡಗಿದೆ. ಅವಳು ಕುತೂಹಲದಿಂದ ಬಂದು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಇದೆಂತಕ್ಕೆ ಭಾಗಿಸ್ತಾ ಇದೀರಿ ಅಕ್ಕ? ಇದು ಹೋಗೋದೇ ಇಲ್ಲಲ್ಲ. ಇಪ್ಪತ್ತೆರಡರ ಮಗ್ಗಿಗೆ ಒಂದು ಸೇರಿಸಿದ್ರೆ ಬರೋವನ್ನ ಮಾತ್ರ ನೋಡಿದ್ರೆ ಸಾಕು. ಇಪ್ಪತ್ಮೂರು, ಅರವತ್ತೇಳು, ಎಂಬತ್ತೊಂಬತ್ತು, ಹೀಗೆ. ಹತ್ತರಲ್ಲಿ ಒಂಬತ್ತು ಪಾಲು ಕೆಲಸವೇ ಇಲ್ಲ. ಹೌದಲ್ಲ ಭಾವ?"

ಭಾವ ಬಳಪದ ತುದಿ ನೋಡುತ್ತಿದ್ದರು. ಅವಳು ಅವರ ಮುಖ ನೋಡಿದಳು. ಮಾತು ಅಲ್ಲಿಗೇ ನಿಲ್ಲಿಸಿ, "ಅತ್ತೆ, ಹೂವು ಕಟ್ಟಲಾ?" ಎಂದು ಎದ್ದುಹೋದಳು. ನಾನು ಅರ್ಧ ಮಾಡಿದ ಭಾಗಾಕಾರವನ್ನು ಸೆರಗಿನಲ್ಲಿ ಒರೆಸಿದೆ. ಅವಳು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಾಗಲಿಲ್ಲ. ಹತ್ತರಲ್ಲಿ ಒಂಬತ್ತು ಎಂಬುದಷ್ಟೇ ಕಿವಿಯಲ್ಲಿ ಉಳಿಯಿತು. ನನ್ನ ಹತ್ತು ಸಂಜೆಗಳಲ್ಲಿ ಒಂಬತ್ತನ್ನು ಅವಳು ನಿಂತ ನಿಲುವಿನಲ್ಲಿ ಕಿತ್ತುಕೊಂಡಿದ್ದಳು.

ಅವಳು ಸೊರಬಕ್ಕೆ ಹೋದ ಮೇಲೆ ಆಶ್ಚರ್ಯವೊಂದು ಕಾದಿತ್ತು. ಇವರು ಅವಳ ದಾರಿ ಹಿಡಿಯಲೇ ಇಲ್ಲ. ಮೊದಲಿನ ಹಾಗೆಯೇ ಒಂದನ್ನೂ ಬಿಡದೆ ಎಲ್ಲ ಅವಿಭಾಜ್ಯ ಸಂಖ್ಯೆಗಳನ್ನೂ ನನ್ನ ಮುಂದೆ ಇಡುತ್ತ ಹೋದರು. ಇನ್ನೊಬ್ಬಳಾಗಿದ್ದರೆ ಖುಷಿ ಪಡುತ್ತಿದ್ದಳೇನೋ. ನನ್ನ ತಲೆ ಓಡಿದ್ದು ಬೇರೆ ಕಡೆ. ಕಾಳೆಲ್ಲ ಸೊರಬಕ್ಕೆ, ಜೊಳ್ಳು ನನಗೆ ಎಂದುಕೊಂಡೆ. ಬರಬಹುದಾದ ಸಂಖ್ಯೆಗಳನ್ನು ಅವಳಿಗೆ ಹಂಚಿಕೊಟ್ಟು, ಎಂದೂ ಬಾರದವನ್ನು ನನಗೆ ಕೊಟ್ಟು, ಮಗುವಿನ ಕೈಗೆ ಖಾಲಿ ಡಬ್ಬಿ ಕೊಟ್ಟ ಹಾಗೆ ಕೂರಿಸಿದ್ದಾರೆ. ಶಾಲೆಯ ವಿಳಾಸಕ್ಕೆ ಸೊರಬದಿಂದ ಕಾಗದ ಬರುತ್ತಿರಬೇಕು ಎಂದು ಕೂಡ ಕಲ್ಪಿಸಿಕೊಂಡೆ. ಭಾಗಾಕಾರ ಮಾಡುತ್ತಲೇ ಇದ್ದೆ, ಆದರೆ "ಖಾತ್ರಿ?" ಎಂದರೆ ಉತ್ತರ ಕೊಡುವುದನ್ನು ನಿಲ್ಲಿಸಿದೆ. ಅವರು ಎರಡೆರಡು ಸಲ ಕೇಳುವರು. ನಾನು ಅತ್ತೆಯ ಕಡೆ ತಿರುಗಿ "ಸಾರಿಗೆ ಒಗ್ಗರಣೆ ಹಾಕಬೇಕು ಅತ್ತೆ" ಎಂದು ಎದ್ದುಬಿಡುವೆ.

ಮುಂದಿನ ಬೇಸಿಗೆ ಮುಗಿಯುವ ಹೊತ್ತಿಗೆ ಅವಳ ಅಣ್ಣನ ಮಗುವಿನ ನಾಮಕರಣ. ಶಿರಾಳಕೊಪ್ಪದ ಮೇಲೆ ಹಾದು ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಅತ್ತೆ ಮಧ್ಯದಲ್ಲಿ, ನಾವು ಆಚೀಚೆ. ನೆಂಟರು ತುಂಬಿದ್ದರು. ಊಟಕ್ಕೆ ಎಲೆ ಹಾಕುವ ಕೆಲಸ ನಮ್ಮಿಬ್ಬರ ಪಾಲಿಗೆ ಬಂತು, ನನ್ನ ಮತ್ತು ಅವಳ. ಅವಳು ಬಾಳೆ ಎಲೆ ಹಾಸುತ್ತಿದ್ದಳು, ನಾನು ನೀರು ಚಿಮುಕಿಸುತ್ತಿದ್ದೆ. ಎಷ್ಟು ಹೊತ್ತು ಸುಮ್ಮನಿರಲಿ? ಕೇಳಿಯೇಬಿಟ್ಟೆ. "ಆ ಇಪ್ಪತ್ತೆರಡರ ಮಗ್ಗಿ ಎಂದಿರಲ್ಲ, ಅದು ಯಾಕೆ ಹಾಗೆ?"

ಅವಳು ಎಲೆ ಹಿಡಿದುಕೊಂಡೇ ನನ್ನನ್ನು ನೋಡಿದಳು. "ಪಂಕ್ತಿಯ ಲೆಕ್ಕ ಅಕ್ಕ. ಹನ್ನೊಂದು ದೊಡ್ಡದಾಯ್ತು, ಐದು ಒಂದು ತಗೊಳಿ. ಅದು ನಲವತ್ತೊಂದಕ್ಕೆ ಒಡೀತದೆ. ನಲವತ್ತೊಂದಕ್ಕಿಂತ ಸಣ್ಣವು, ಒಂದರಿಂದ ನಲವತ್ತರ ತನಕ, ಎಲ್ಲ ಊಟಕ್ಕೆ ಬಂದ ನೆಂಟರು ಅಂತಿಟ್ಕೊಳಿ. ಒಂದನೆಯವರು ಕೂತರು. ಹತ್ತರಿಂದ ಗುಣಿಸಿ, ಹತ್ತನೆಯವರು ಪಕ್ಕಕ್ಕೆ. ಮತ್ತೆ ಹತ್ತರಿಂದ ಗುಣಿಸಿದ್ರೆ ನೂರು, ನಲವತ್ತೊಂದರಿಂದ ಭಾಗಿಸಿದ್ರೆ ಉಳಿಯೋದು ಹದಿನೆಂಟು, ಅವರು ಆಮೇಲೆ. ಹೀಗೇ ಹದಿನಾರು, ಮೂವತ್ತೇಳು. ಮುಂದೆ ಮಾಡಿ ನೋಡಿ."

ಮಾಡಿದೆ. ಮುನ್ನೂರ ಎಪ್ಪತ್ತು, ನಲವತ್ತೊಂದೊಂಬತ್ತಲೇ ಮುನ್ನೂರ ಅರವತ್ತೊಂಬತ್ತು. "ಮತ್ತೆ ಒಂದು."

"ಹಾಂ. ಐದು ಒಂದು ಇದ್ದಿದ್ದಕ್ಕೆ ಐದು ಜನಕ್ಕೆ ಪಂಕ್ತಿ ಮುಗೀತು. ಉಳಿದವರಲ್ಲಿ ಯಾರನ್ನ ಮೊದಲು ಕೂರಿಸಿದ್ರೂ ಅವರ ಪಂಕ್ತಿಯೂ ಐದಕ್ಕೇ ಮುಗೀತದೆ. ನಿಂತು ಉಳಿಯೋರೂ ಇಲ್ಲ, ಖಾಲಿ ಎಲೆಯೂ ಇಲ್ಲ. ನಲವತ್ತು ಜನ, ಎಂಟು ಪಂಕ್ತಿ. ಹನ್ನೊಂದು ಒಂದನ್ನ ಯಾವುದಾದ್ರೂ ಒಡೆದ್ರೆ ಅಲ್ಲಿ ಪಂಕ್ತಿಗೆ ಹನ್ನೊಂದೇ ಎಲೆ. ಹಾಗಾಗಿ ಒಡೆಯೋ ಸಂಖ್ಯೆಯಲ್ಲಿ ಒಂದು ಕಳೆದ್ರೆ ಉಳಿಯೋದು ಹನ್ನೊಂದರ ಮಗ್ಗಿಯಲ್ಲಿ ಇರ್ಲೇಬೇಕು. ಬೆಸ ಸಂಖ್ಯೆಯಲ್ಲಿ ಒಂದು ಕಳೆದ್ರೆ ಸಮ, ಅದಕ್ಕೇ ಇಪ್ಪತ್ತೆರಡು."

ನೀರಿನ ತಂಬಿಗೆ ಹಿಡಿದು ನಾನು ಹಾಗೇ ನಿಂತೆ. ಎಷ್ಟು ಚೆಂದದ ಮಾತು, ಎಷ್ಟು ಸಲೀಸಾಗಿ ಹೇಳಿದಳು! ನನಗೆ ಅಳುವೇ ಬಂತು. "ಇದೆಲ್ಲ ಇಂಟರ್‌ನಲ್ಲಿ ಕಲಿಸ್ತಾರಾ?" ಎಂದೆ.

"ಎಂತದೂ ಇಲ್ಲ. ಭಾವನೇ ಹೇಳಿಕೊಟ್ಟಿದ್ದು. ನಾನು ಇಂಟರ್‌ಗೆ ಓದ್ತಾ ಇದ್ದಾಗ ರಜೆಯಲ್ಲಿ ಬಂದಿದ್ರು. ಇದೇ ಜಗಲಿ ಮೇಲೆ ಕೂತು ಹುಣಸೆಬೀಜ ಸಾಲಿಟ್ಟು ತೋರಿಸಿದ್ರು."

ಅವಳಿಗೆ ಜಗಲಿ, ಹುಣಸೆಬೀಜ, ಯಾಕೆ ಎಂಬುದಕ್ಕೆ ಉತ್ತರ. ನನಗೆ ಬರೀ ಎತ್ತಿನ ದುಡಿಮೆ. ತಿರುಗಿ ಬರುವ ಬಸ್ಸು ಶಿರಾಳಕೊಪ್ಪ ದಾಟುವವರೆಗೂ ಹಲ್ಲು ಕಚ್ಚಿಕೊಂಡೇ ಇದ್ದೆ. ಆಮೇಲೆ ಎಲ್ಲೋ ಒಂದು ಕಡೆ, ಅತ್ತೆ ನನ್ನ ಹೆಗಲಿಗೆ ಒರಗಿ ತೂಕಡಿಸುತ್ತಿದ್ದಾಗ, ಇನ್ನೊಂದು ಯೋಚನೆ ಬಂತು. ದಾರಿ ಇವರಿಗೆ ಮೊದಲಿನಿಂದಲೇ ಗೊತ್ತಿತ್ತು. ಏಳರಿಂದ ಭಾಗಿಸು ಎಂದು ಮೊದಲ ಸಂಜೆ ಕೇಳಿದಾಗಲೇ, ಏಳು ಭಾಗಿಸುವುದಿಲ್ಲ ಎಂದು ಗೊತ್ತಿತ್ತು. ಹಾಗಾದರೆ ಕೇಳಿದ್ದು ಯಾಕೆ?

ಮಾರನೇ ಸಂಜೆ ಅತ್ತೆ ವಿಭೂತಿ ಹಚ್ಚಿಕೊಂಡು ಕೂತರು. ಇವರು ಒಂದು ಸಂಖ್ಯೆ ಹೇಳಿದರು. ಒಂದು ಕಳೆದು ಇಪ್ಪತ್ತೆರಡರ ಮಗ್ಗಿಗೆ ಹಿಡಿದು ನೋಡಿದೆ, ಅಲ್ಲಿ ಇರಲಿಲ್ಲ. ಶುದ್ಧ ಜೊಳ್ಳು. ನಾನು ಬಳಪ ಕೆಳಗಿಟ್ಟೆ.

"ಅತ್ತೆ, ಪಂಕ್ತಿಯ ಲೆಕ್ಕ ಸೊರಬದವರಿಗೆ ಹೇಳಿಕೊಟ್ಟವರು ನನಗೆ ಯಾಕೆ ಹೇಳಿಕೊಡಲಿಲ್ಲ ಅಂತ ಕೇಳಿ."

ಅತ್ತೆ ಮಗನ ಕಡೆ ನೋಡಿದರು. ಇವರು ತಮ್ಮ ಸ್ಲೇಟು ಒರೆಸತೊಡಗಿದರು. ಕಿವಿ ಕೆಂಪಾಗಿತ್ತು. "ಹೇಳಿಕೊಟ್ಟಿದ್ರೆ ಲಗೂನ ಮುಗಿದುಹೋಗ್ತಿತ್ತು ಅಂತ ಹೇಳವ್ವ," ಎಂದರು.

"ಲಗೂನ ಮುಗಿದುಹೋಗ್ತಿತ್ತಂತವ್ವ," ಎಂದರು ಅತ್ತೆ. ತಾವೇ ಸೇರಿಸಿದರು: "ದೇವರ ಕೆಲಸದಾಗೆ ಅವಸರ ಮಾಡಬಾರದು."

ನಾನು ಬಳಪ ಎತ್ತಿಕೊಂಡೆ. ಆ ಜೊಳ್ಳು ಸಂಖ್ಯೆಯ ಮಗ್ಗಿಯನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿ, ಕಡೆಯವರೆಗೂ ಭಾಗಿಸಿ ಶೇಷ ಹೇಳಿದೆ. "ಖಾತ್ರಿ?" ಎಂದರು. "ಖಾತ್ರಿ" ಎಂದೆ. ಆದರೂ ಆ ಹುಣಸೆಬೀಜ ನನ್ನ ಗಂಟಲಲ್ಲಿ ಸಿಕ್ಕಿಕೊಂಡೇ ಇತ್ತು. ಪ್ರೀತಿ ನನ್ನದು ಎಂದು ಗೊತ್ತಾದ ಮೇಲೂ ವಿದ್ಯೆ ಅವಳದ್ದು ಎಂಬ ಉರಿ ಆರಲಿಲ್ಲ. ಎರಡೂ ನನಗೇ ಬೇಕಿತ್ತು.

ಹಾಗೆ ಜೊಳ್ಳು ಕಾಳು ಎರಡನ್ನೂ ಕೇರುತ್ತ ಮಳೆಗಾಲಗಳು ಕಳೆದವು. ಸಂಖ್ಯೆ ಒಡೆದದ್ದು ಒಂದು ಸಾಧಾರಣ ಸಂಜೆ. ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು ಎಂದು ಇವರು ಕೊಟ್ಟರು. ನಾನು ಕಳೆಯುತ್ತ ಹೋದೆ, ಕೊನೆಯಲ್ಲಿ ಏನೂ ಉಳಿಯಲಿಲ್ಲ. ಮೂರು ಸಲ ಮಾಡಿದೆ. ಇವರು ಭಾಗಲಬ್ಧ ತೆಗೆದು ತಿರುಗಿಸಿ ಗುಣಿಸಿದರು. ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು ಸಲ. ಸ್ಲೇಟಿನ ತುಂಬ ಹನ್ನೊಂದು ಒಂದು ಸಾಲಾಗಿ ನಿಂತವು. ಅಷ್ಟು ಹೊತ್ತಿಗೆ ನನಗೆ ಆರು ತಿಂಗಳು ತುಂಬಿತ್ತು. ಅತ್ತೆ ವ್ರತ ಕೈಗೂಡಿತೆಂದು ಪಾಯಸ ಮಾಡಿಸಿದರು. ನಾನು ಹೆದರಿದ ಹಾಗೆ ಮಾತು ನಿಲ್ಲಲಿಲ್ಲ, ಇಷ್ಟು ದಿನದ ಮೇಲೆ ನಮ್ಮನ್ನು ಸುಮ್ಮನಾಗಿಸುವುದು ಅತ್ತೆಗೂ ಮರೆತುಹೋಗಿತ್ತು.

ನನಗೆ ಮಾತ್ರ ಒಂದೇ ಆತುರ, ಸೊರಬಕ್ಕೆ ಹೋಗಿ ಅವಳಿಗೆ ಹೇಳಬೇಕು. ಅವಳ ಪಂಕ್ತಿಯ ಲೆಕ್ಕವಿಲ್ಲದೆ, ನನ್ನ ಎತ್ತಿನ ದುಡಿಮೆಯಲ್ಲೇ ಒಡೆದೆ ಎಂದು ಅವಳ ಮುಖಕ್ಕೆ ಹೇಳಬೇಕು. ಬಾಣಂತನಕ್ಕೆ ಕುಪ್ಪಗಡ್ಡೆಗೆ ಹೋಗುವಾಗ ದಾರಿಯಲ್ಲಿ ಅವರ ಮನೆಯಲ್ಲಿ ಇಳಿದೆವು. ಅವಳು ಹಿತ್ತಿಲ ಮೆಟ್ಟಿಲ ಮೇಲೆ ಹರಿವೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಇನ್ನೂ ಮದುವೆಯಾಗಿರಲಿಲ್ಲ. ನಾನು ಪಕ್ಕದಲ್ಲಿ ಕೂತು, ಉಸಿರು ತಿರುಗುವ ಮೊದಲೇ ಶುರು ಮಾಡಿದೆ.

"ಒಡೀತು ಕಣ್ರೀ. ಇಪ್ಪತ್ತೊಂದು ಸಾವಿರದ ಆರುನೂರ..."

"ನಲವತ್ತೊಂಬತ್ತು," ಎಂದಳು ಅವಳು, ಸೊಪ್ಪಿನಿಂದ ತಲೆ ಎತ್ತದೆ.

"ಯಾವಾಗ ಮಾಡಿದ್ರಿ?"

"ಆ ದಸರಾ ಕಳೆದ ಮೇಲೆ. ಒಂದು ಚಳಿಗಾಲ ಹಿಡೀತು. ಒಬ್ಬಳೇ ಅಲ್ವಾ ಇರೋದು, ಸಂಜೆ ಬೇರೆ ಎಂತ ಕೆಲಸ?"

"ನಾಮಕರಣದ ದಿನ ಗೊತ್ತಿತ್ತಾ? ಎಲೆ ಹಾಕುವಾಗ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವಳು ಒಂದು ದಂಟು ಮುರಿದಳು. "ದಸರಾದಲ್ಲಿ ಗೊತ್ತಿಲ್ಲದೆ ಬಾಯಿ ಬಿಟ್ಟೆ. ಆಗ ಭಾವನ ಮುಖ ನೋಡಿದೆನಲ್ಲ ಅಕ್ಕ. ಹೇಳಿದ್ರೆ ಆಮೇಲೆ ನೀವಿಬ್ರು ಎಂತ ಮಾತಾಡ್ತಿದ್ರಿ?"

ಅಲ್ಲಿಯವರೆಗೆ ಅವಳ ಮೇಲಿದ್ದ ನನ್ನ ಹೊಟ್ಟೆಕಿಚ್ಚೆಲ್ಲ ಏನೂ ಅಲ್ಲ ಎನ್ನಿಸುವಂಥ ಉರಿ ಅವತ್ತು ಹತ್ತಿತು, ಅದು ಈಗಲೂ ಆರಿಲ್ಲ. ಅಷ್ಟು ದೊಡ್ಡ ಸಂಖ್ಯೆಯನ್ನು ಒಬ್ಬಳೇ ಒಡೆದು, ತೋರಿಸಬೇಕಾದ ಒಬ್ಬನೇ ಮನುಷ್ಯನಿಗೂ ತೋರಿಸದೆ ಇಟ್ಟುಕೊಳ್ಳುವುದು ನನ್ನಿಂದ ಸಾಧ್ಯವಿರಲಿಲ್ಲ. ನನ್ನದೆಂದು ನಾನು ಕಾದುಕೊಂಡಿದ್ದ ಸಂಜೆಗಳೆಲ್ಲ ಅವಳು ಸುಮ್ಮನಿದ್ದುದರಿಂದ ನನಗೆ ಸಿಕ್ಕವು.

ಒಳಗಿನಿಂದ ಇವರು, "ಏನದು ಇಬ್ಬರದೂ ಗುಸುಗುಸು?" ಎಂದು ಕೂಗಿ ಕೇಳಿದರು.

"ಸೊಪ್ಪಿನ ವಿಷಯ ಭಾವ," ಎಂದಳು ಅವಳು.

ನಾನೂ ಹೌದು ಎಂದೆ, ಅವಳ ಮಡಿಲಿನಿಂದ ಅರ್ಧ ಸೊಪ್ಪು ಎತ್ತಿಕೊಂಡು ಬಿಡಿಸತೊಡಗಿದೆ.